ಫಾರ್ಮ್ಯಾಟ್ ಹೊಡೆಸುವ ಮೊದಲು

ದೊಡ್ಡಬಳ್ಳಾಪುರದ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಒಂದು ಮಾತು ಕೇಳಿಸಬೇಕೆಂದರೆ ಅಡುಗೆಮನೆಗೇ ಹೋಗಬೇಕು. ನಡುಮನೆಯ ಆಚೆ ನಾಲ್ಕು ವಿದ್ಯುತ್ ಮಗ್ಗಗಳು ಬೆಳಗಿನಿಂದ ರಾತ್ರಿಯವರೆಗೆ ಬಡಿಯುತ್ತಲೇ ಇರುತ್ತವೆ. ಹೋದ ವರ್ಷ ಒಂದು ಸಂಜೆ ಅವರೇ ಫೋನ್ ಮಾಡಿ, ಮಗ್ಗದ ಸದ್ದನ್ನೂ ಮೀರಿಸುವಂತೆ ಕೂಗಿದರು: “ಕಂಪ್ಯೂಟ್ರು ಏಳ್ತಾನೇ ಇಲ್ಲ ಕಣಪ್ಪಾ. ಅಂಗಡಿಯವನು ಫಾರ್ಮ್ಯಾಟ್ ಹೊಡೆದುಕೊಡ್ತೀನಿ ಅಂತಾನೆ, ಐನೂರು ರೂಪಾಯಿ. ಕೊಟ್ಬಿಡ್ಲಾ?” “ಒಳಗೆ ಏನೇನಿದೆ ಚಿಕ್ಕಪ್ಪ?” ಅಂದೆ. ಸ್ವಲ್ಪ ಹೊತ್ತು ಬರೀ ಮಗ್ಗದ ಸದ್ದು. ಆಮೇಲೆ, “ಸೀರೆ ಡಿಸೈನೆಲ್ಲ ಅದರಲ್ಲೇ ಅಲ್ವೇನೋ ಇರೋದು” ಅಂದರು.

ನಮ್ಮ ಕಡೆ ಜ್ವರಕ್ಕೆ ಸೂಜಿ ಹೇಗೋ ಕಂಪ್ಯೂಟರ್‌ಗೆ ಫಾರ್ಮ್ಯಾಟ್ ಹಾಗೆ. ನಿಧಾನವಾದರೂ ಅದೇ ಮದ್ದು, ವೈರಸ್ ಹೊಕ್ಕರೂ ಅದೇ, ಏಳದೇ ಹೋದರೂ ಅದೇ. ಮದ್ದು ಸುಳ್ಳೇನಲ್ಲ, ಕೆಟ್ಟುಹೋದ ವಿಂಡೋಸನ್ನು ಒರೆಸಿ ಹೊಸದಾಗಿ ಹಾಕಿದರೆ ಎಷ್ಟೋ ಕಾಯಿಲೆ ನಿಜಕ್ಕೂ ವಾಸಿಯಾಗುತ್ತದೆ. ಆದರೆ ಸೂಜಿ ಚುಚ್ಚುವ ಮೊದಲು ಡಾಕ್ಟರು “ಯಾವುದಾದರೂ ಔಷಧಿ ಒಗ್ಗಲ್ವಾ?” ಎಂದಾದರೂ ಕೇಳುತ್ತಾರೆ. ಫಾರ್ಮ್ಯಾಟ್ ಹೊಡೆಯುವವರು ಒಳಗೇನಿದೆ ಎಂದು ಕೇಳುವುದು ಅಪರೂಪ. ಕೇಳಿದರೂ ನಮಗೆ ಉತ್ತರ ಗೊತ್ತಿರುವುದಿಲ್ಲ.

ಸೀರೆಗೂ ಕಂಪ್ಯೂಟರ್‌ಗೂ ನಂಟು ಬೆಳೆದದ್ದು ಈಚೆಗೆ ಎಂದುಕೊಂಡಿರುವವರಿಗೆ ಮಗ್ಗದ ತಲೆಯ ಮೇಲೆ ಕೂತಿರುವ ಜಕಾರ್ಡ್ ತೋರಿಸಬೇಕು. ಫ್ರಾನ್ಸಿನ ಲಿಯಾನ್ ಪಟ್ಟಣದ ಜೋಸೆಫ್ ಮಾರಿ ಜಕಾರ್ಡ್ 1804ರಲ್ಲಿ ಮಾಡಿದ ಯಂತ್ರ ಅದು. ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ದಾರದಲ್ಲಿ ಪೋಣಿಸಿ ಮಾಲೆ ಮಾಡಿ ಅದಕ್ಕೆ ಉಣಿಸುತ್ತಾರೆ. ತೂತು ಇದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ನಡುವೆ ಲಾಳಿ ಓಡಿ ಹೊಕ್ಕು ಬೀಳುತ್ತದೆ. ಇದೆ, ಇಲ್ಲ. ಒಂದು, ಸೊನ್ನೆ. ಸೆರಗಿನ ನವಿಲು, ಅಂಚಿನ ಮಾವಿನಕಾಯಿ ಎಲ್ಲವೂ ಈ ಎರಡೇ ಮಾತಿನಲ್ಲಿ ಬರೆದಿಟ್ಟದ್ದು. 1839ರಲ್ಲಿ ಜಕಾರ್ಡ್‌ನ ಭಾವಚಿತ್ರವನ್ನೇ 24,000 ಕಾರ್ಡು ಹಾಕಿ ರೇಷ್ಮೆಯಲ್ಲಿ ನೇಯ್ದಿದ್ದರು. ಅದರ ಒಂದು ಪ್ರತಿಯನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಕೊಂಡು ಇಟ್ಟುಕೊಂಡಿದ್ದ. ತಾನು ಕಟ್ಟಬೇಕೆಂದಿದ್ದ ಲೆಕ್ಕದ ಯಂತ್ರಕ್ಕೂ ಇಂಥದೇ ಕಾರ್ಡು ಎಂದು ಗೊತ್ತುಮಾಡಿದ್ದ. ಅಮೆರಿಕದ 1890ರ ಜನಗಣತಿಯನ್ನು ಹರ್ಮನ್ ಹಾಲರಿತ್ ತೂತಿನ ಕಾರ್ಡಿನಿಂದಲೇ ಎಣಿಸಿದ. ಅವನ ಕಂಪನಿ ಬೇರೆ ಕಂಪನಿಗಳ ಜೊತೆ ಸೇರಿ ಮುಂದೆ ಐಬಿಎಂ ಆಯಿತು. ಆ ಐಬಿಎಂ 1956ರಲ್ಲಿ ಮೊದಲ ಹಾರ್ಡ್ ಡಿಸ್ಕ್ ತಂದಿತು: ಎರಡೆರಡು ಅಡಿ ಅಗಲದ 50 ತಟ್ಟೆ, ಹಿಡಿಯುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರ. ಇವತ್ತು ಫೋನಿನಲ್ಲಿ ತೆಗೆದ ಒಂದೆರಡು ಫೋಟೊಗೆ ಅದು ತುಂಬಿಹೋಗುತ್ತಿತ್ತು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಮಗ್ಗ ಬೇರೆ ಕಾರ್ಡ್ ಬೇರೆ ಎನ್ನುವುದನ್ನು ನೇಕಾರನಿಗೆ ಯಾರೂ ಕಲಿಸಬೇಕಿಲ್ಲ. ಮಗ್ಗ ಮುರಿದರೆ ಇನ್ನೊಂದು ತರಬಹುದು. ಕಾರ್ಡ್ ಇದ್ದರೆ ಅದೇ ಸೀರೆ ಬರುತ್ತದೆ. ಕಾರ್ಡ್ ಕಳೆದರೆ ಹೊಸ ಮಗ್ಗವೂ ಬರೀ ಸಾದಾ ಬಟ್ಟೆ ನೇಯುತ್ತದೆ. ಕಂಪ್ಯೂಟರ್ ಎಂಬ ಡಬ್ಬ, ಅದರೊಳಗಿನ ವಿಂಡೋಸ್, ಟೈಪ್ ಮಾಡುವ ತಂತ್ರಾಂಶ ಎಲ್ಲವೂ ಮಗ್ಗದ ಲೆಕ್ಕಕ್ಕೆ. ದುಡ್ಡು ಕೊಟ್ಟರೆ ಮತ್ತೆ ಸಿಗುತ್ತವೆ. ನೀವೇ ಬರೆದದ್ದು, ಬಿಡಿಸಿದ್ದು, ತೆಗೆದದ್ದು ಮಾತ್ರ ಕಾರ್ಡು.

ಮಾರನೆಯ ದಿನ ಹೋದೆ. ಮೊದಲು ಸಿಪಿಯು ಡಬ್ಬದ ಪಕ್ಕದ ತಗಡು ಬಿಚ್ಚಿದೆ. ಒಳಗೆ ಫ್ಯಾನಿಗೂ ಅದರ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳಿಗೂ ಮಗ್ಗದ ನೂಲಿನ ಜುಂಗು ಕಂಬಳಿಯಂತೆ ಹೊದ್ದುಕೊಂಡಿತ್ತು. ಗಾಳಿ ಆಡದಿದ್ದರೆ ಪ್ರೊಸೆಸರ್ ಕಾಯುತ್ತದೆ. ಹೆಚ್ಚಿನವು ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದರೆ ಸುಟ್ಟುಹೋಗದಂತೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ, ಅದಕ್ಕೂ ಬಗ್ಗದಿದ್ದರೆ ಆರಿಹೋಗುತ್ತವೆ. “ಸಿಸ್ಟಮ್ ಸ್ಲೋ ಆಗಿದೆ” ಎಂದು ಫಾರ್ಮ್ಯಾಟ್ ಹೊಡೆಸಿಕೊಂಡ ಎಷ್ಟೋ ಯಂತ್ರಗಳಿಗೆ ಬೇಕಾಗಿದ್ದದ್ದು ಒಂದು ಪೇಂಟ್ ಬ್ರಷ್ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇದೆ.

ಇಲ್ಲಿ ಧೂಳು ತೆಗೆದರೂ ವಿಂಡೋಸ್ ಏಳಲಿಲ್ಲ. ಹಾಗಿದ್ದರೆ ಡಿಸ್ಕ್ ನೋಡಬೇಕು. ಹಳೆಯ ಡೆಸ್ಕ್‌ಟಾಪಿನ ಹಾರ್ಡ್ ಡಿಸ್ಕ್ ಒಳಗೆ ಕನ್ನಡಿಯಂಥ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತಿರುತ್ತದೆ. ಲೆಕ್ಕ ಹಾಕಿದರೆ ತಟ್ಟೆಯ ಅಂಚಿನ ವೇಗ ಗಂಟೆಗೆ 120 ಕಿಲೋಮೀಟರಿಗೂ ಹೆಚ್ಚು. ನೆಲಮಂಗಲದ ಹೆದ್ದಾರಿಯಲ್ಲಿ ಯಾವ ಬಸ್ಸೂ ಹಾಗೆ ಓಡಕೂಡದು. ಓದುವ ಮುಳ್ಳು ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ಒಂದು ಕೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್. ಓಡುತ್ತಿರುವಾಗ ಡಬ್ಬ ಬಿದ್ದರೆ, ಬರೆಯುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋದರೆ, ಏನಾಗುತ್ತದೆಂದು ಊಹಿಸಿಕೊಳ್ಳಿ. ಡಿಸ್ಕಿನಿಂದ ಟಕ್, ಟಕ್ ಎಂದು ಲಯವಾಗಿ ಸದ್ದು ಬರುತ್ತಿದ್ದರೆ ಮುಳ್ಳು ತನ್ನ ಜಾಗ ಹುಡುಕಲಾರದೆ ಒದ್ದಾಡುತ್ತಿದೆ ಎಂದು ಅರ್ಥ. ಆಗ ರಿಪೇರಿ ತಂತ್ರಾಂಶ ಓಡಿಸುವುದೂ ಬೇಡ, “ಇನ್ನೊಂದ್ಸಲ ನೋಡೋಣ” ಎಂದು ಆನ್ ಮಾಡುವುದೂ ಬೇಡ. ಆರಿಸಿ, ದತ್ತಾಂಶ ಎತ್ತಿಕೊಡುವ ಪರಿಣತರಲ್ಲಿಗೆ ಒಯ್ಯಬೇಕು.

ಚಿಕ್ಕಪ್ಪನ ಡಿಸ್ಕಿನಲ್ಲಿ ಆ ಸದ್ದಿರಲಿಲ್ಲ. ಇಂಥ ಕಡೆ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ದೊಡ್ಡ ಉಪಕಾರ ಮಾಡುತ್ತದೆ. ಉಬುಂಟುವಿನಂಥ ಉಚಿತ ಕಾರ್ಯಾಚರಣೆ ವ್ಯವಸ್ಥೆಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಅದರಿಂದಲೇ ಕಂಪ್ಯೂಟರನ್ನು ಎಬ್ಬಿಸಿದರೆ, ಮಲಗಿರುವ ವಿಂಡೋಸನ್ನು ಮುಟ್ಟದೆ ಡಿಸ್ಕಿನೊಳಗೆ ಕಾಲಿಡಬಹುದು. ಮುಂಬಾಗಿಲ ಬೀಗ ಕೆಟ್ಟಾಗ ಹಿತ್ತಲ ಬಾಗಿಲಿಂದ ಹೋಗಿ ಸಾಮಾನು ಹೊರಗೆ ಸಾಗಿಸಿದ ಹಾಗೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಒಂದು ತೊಡಕಿದೆ: ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ವಿಂಡೋಸ್ 11 ಎಷ್ಟೋ ಸಲ ಕೇಳದೆಯೇ ಡಿಸ್ಕನ್ನು ಗೂಢಲಿಪಿಗೆ ಹಾಕಿಬಿಡುತ್ತದೆ. ಆಗ 48 ಅಂಕಿಯ ಕೀಲಿ ಇಲ್ಲದೆ ಹಿತ್ತಲ ಬಾಗಿಲೂ ತೆರೆಯದು. ಆ ಕೀಲಿ ಅದೇ ಖಾತೆಯಲ್ಲಿರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ನೋಡಿ ಬರೆದಿಡಿ.

ಡಿಸೈನ್ ಕಡತಗಳನ್ನು ಹೊರಗಿನ ಡಿಸ್ಕಿಗೆ ಇಳಿಸುತ್ತಿದ್ದೆ. ಚಿಕ್ಕಪ್ಪ ನಕ್ಕರು. “ಅದಕ್ಯಾಕೆ ಅಷ್ಟು ಕಷ್ಟ? ಎಲ್ಲ ಡಿ ಡ್ರೈವ್‌ನಲ್ಲಿ ಹಾಕಿದೀನಲ್ಲ.” ಈ ನಂಬಿಕೆ ದೇವನಹಳ್ಳಿಯಿಂದ ಹೊಸಕೋಟೆಯವರೆಗೆ ಯಾರ ಮನೆಗೆ ಹೋದರೂ ಸಿಗುತ್ತದೆ. ಸಿ ಮತ್ತು ಡಿ ಎನ್ನುವುದು ಸಾಮಾನ್ಯವಾಗಿ ಒಂದೇ ಡಿಸ್ಕಿಗೆ ಹಾಕಿದ ಅಡ್ಡಗೋಡೆ. ಸಿ ಮಾತ್ರ ಒರೆಸಿದರೆ ಡಿ ಉಳಿಯುತ್ತದೆ, ನಿಜ. ಡಿಸ್ಕೇ ಕೆಟ್ಟರೆ ಸೂರು ಕುಸಿದ ಮನೆಯಲ್ಲಿ ನಡುಮನೆ ಯಾವುದು, ಕೋಣೆ ಯಾವುದು? ಒರೆಸುವವರು ಅವಸರದಲ್ಲಿ ಎರಡನ್ನೂ ಅಳಿಸಿ ಒಂದು ಮಾಡಿಬಿಟ್ಟರೆ ಅದೂ ಹೋಯಿತು.

ಹಾಗೆ ಅಳಿಸಿಹೋದಾಗಲೂ ಸ್ವಲ್ಪ ಆಸೆ ಉಳಿದಿರುತ್ತದೆ. ಇದು ನಮ್ಮ ಕಡೆಯವರಿಗೆ ಪಹಣಿಯಿಂದ ಬೇಗ ತಿಳಿಯುತ್ತದೆ. ಕಡತವನ್ನು ಅಳಿಸಿದಾಗ, ಅವಸರದ ಫಾರ್ಮ್ಯಾಟ್ ಹೊಡೆದಾಗ, ಹಾರ್ಡ್ ಡಿಸ್ಕ್ ಮಾಡುವುದು ಪಹಣಿಯಲ್ಲಿ ಹೆಸರು ಹೊಡೆದುಹಾಕುವುದಷ್ಟೇ. ಹೊಲ ಅಲ್ಲೇ ಇರುತ್ತದೆ, ಪೈರೂ ನಿಂತಿರುತ್ತದೆ. ಬೇರೆಯವರು ಬಂದು ಉತ್ತಾಗ ಮಾತ್ರ ಹಳೆಯ ಪೈರು ಹೋಗುತ್ತದೆ. ಆದ್ದರಿಂದ ತಪ್ಪಿ ಅಳಿಸಿದ್ದು ಗೊತ್ತಾದ ಕೂಡಲೇ ಆ ಡಿಸ್ಕಿಗೆ ಏನನ್ನೂ ಬರೆಯಬಾರದು. ಕಡತ ಮರಳಿಸುವ ತಂತ್ರಾಂಶವನ್ನು ಅದೇ ಡಿಸ್ಕಿಗೆ ಇಳಿಸಿಕೊಳ್ಳುವುದಂತೂ ಉಳಿದ ಪೈರಿನ ಮೇಲೆ ನೇಗಿಲು ಹೂಡಿದಂತೆ. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಗಳಲ್ಲಿ ಈ ಆಸೆ ಕಡಿಮೆ. ಅಳಿಸಿದ ಜಾಗವನ್ನು ಅವು ಹಿನ್ನೆಲೆಯಲ್ಲಿ ತಾವೇ ಗುಡಿಸಿ ಇಟ್ಟುಕೊಳ್ಳುತ್ತವೆ.

ಇನ್ನೊಂದು ತೊಂದರೆ, ಬೇಕಾದದ್ದೆಲ್ಲ ಕಣ್ಣಿಗೆ ಕಾಣುವ ಕಡೆಯೇ ಇರುವುದಿಲ್ಲ. ಡೆಸ್ಕ್‌ಟಾಪ್ ಮೇಲೆ ಹರಡಿಕೊಂಡಿರುವ ಕಡತಗಳು ಇರುವುದು ಸಿ ಡ್ರೈವ್‌ನಲ್ಲಿ ಎನ್ನುವುದೇ ಅನೇಕರಿಗೆ ಹೊಸ ಸುದ್ದಿ. ಬ್ರೌಸರ್‌ನಲ್ಲಿ ಕೂತಿರುವ ಪಾಸ್‌ವರ್ಡುಗಳು, ಟ್ಯಾಲಿಯಲ್ಲಿ ಬರೆದ ಲೆಕ್ಕಪತ್ರ, ಡೌನ್‌ಲೋಡ್ಸ್‌ನಲ್ಲಿ ಬಿದ್ದಿರುವ ಮಕ್ಕಳ ಅಂಕಪಟ್ಟಿ, ಇವೆಲ್ಲವನ್ನೂ ಕೂತು ಹುಡುಕಬೇಕು.

ಕನ್ನಡದವರಿಗೆ ಇದರ ಮೇಲೆ ಒಂದು ವಿಶೇಷ ಕಾಟ. ಚಿಕ್ಕಮ್ಮ ತಮ್ಮ ಮಹಿಳಾ ಸಂಘದ ನಡಾವಳಿಗಳನ್ನು ಹದಿನೈದು ವರ್ಷದಿಂದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದರು. ಕಡತಗಳು ಒಂದೂ ಬಿಡದೆ ಸಿಕ್ಕವು. ಹೊಸ ವಿಂಡೋಸ್ ಹಾಕಿ ತೆರೆದರೆ, ತಲೆಯ ಮೇಲೆ ಟೊಪ್ಪಿ ಬಾಲಕ್ಕೆ ಕೊಂಬು ಇಟ್ಟುಕೊಂಡ ಪರದೇಶದ ಅಕ್ಷರಗಳ ಸಂತೆ. “ಅಯ್ಯೋ, ಎಲ್ಲಾ ಹೊಲಸಾಗೋಯ್ತಲ್ಲೋ” ಎಂದು ಕೂತುಬಿಟ್ಟರು. ಏನೂ ಆಗಿರಲಿಲ್ಲ. ಕಂಪ್ಯೂಟರ್ ಯಾವ ಅಕ್ಷರವನ್ನೂ ಅಕ್ಷರವಾಗಿ ಇಡುವುದಿಲ್ಲ, ಸಂಖ್ಯೆಯಾಗಿ ಇಡುತ್ತದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ತಂದ ಬರಹ, ಇವು ಹುಟ್ಟಿದ ಕಾಲದಲ್ಲಿ ಮನೆಯ ಕಂಪ್ಯೂಟರ್‌ಗಳಿಗೆ ಕನ್ನಡದ ಸಂಖ್ಯೆಗಳು ಗೊತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳಲ್ಲೇ ಕನ್ನಡದ ತುಂಡುಗಳನ್ನು ಇಟ್ಟು, ಫಾಂಟಿನ ವೇಷ ಹಾಕಿಸಿ ಕನ್ನಡ ಕಾಣಿಸುವ ಉಪಾಯ ಮಾಡಿದರು. ಆ ಕಾಲಕ್ಕೆ ಅದು ಜಾಣತನವೇ. ಕರ್ನಾಟಕದ ಕಚೇರಿಗಳೂ ಮದುವೆ ಪತ್ರಿಕೆಗಳೂ ವರ್ಷಗಟ್ಟಲೆ ಅದರ ಮೇಲೆ ನಡೆದವು. ಫಾಂಟುಗಳ ಬಿಡಾರ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ. ಫಾರ್ಮ್ಯಾಟ್ ಹೊಡೆದಾಗ ವೇಷ ಕಳಚಿತು, ಒಳಗಿನ ಸಂಖ್ಯೆಗಳು ಬೆತ್ತಲಾಗಿ ನಿಂತವು.

ನುಡಿಯನ್ನು ಮತ್ತೆ ಹಾಕಿದ ಐದೇ ನಿಮಿಷಕ್ಕೆ ಸಂಘದ ನಡಾವಳಿ ಕನ್ನಡವಾಯಿತು. ಆದರೆ ಇದು ಶಾಶ್ವತ ಪರಿಹಾರವಲ್ಲ. 1991ರಲ್ಲಿ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆ ಮೀಸಲಿಟ್ಟಿದ್ದಾರೆ. ಅಲ್ಲಿ ‘ಕ’ ಎಂದರೆ 3221. ಹೊಸಕೋಟೆಯಲ್ಲೂ ಅಷ್ಟೇ, ಹೂಸ್ಟನ್ನಿನಲ್ಲೂ ಅಷ್ಟೇ. ಫಾಂಟ್ ಬದಲಾದರೆ ಅಕ್ಷರದ ಅಂದ ಬದಲಾದೀತೇ ಹೊರತು ಅರ್ಥ ಕೆಡದು. ವಿಂಡೋಸ್ ಎಕ್ಸ್‌ಪಿಯ ಜೊತೆ ಬಂದ ತುಂಗಾ ಫಾಂಟ್ ಈಗಿನ ವಿಂಡೋಸ್‌ನಲ್ಲಿ ಐಚ್ಛಿಕ, ಬೇಕಾದವರು ಸೇರಿಸಿಕೊಳ್ಳಬೇಕು. ಸೇರಿಸದಿದ್ದರೂ ಕನ್ನಡ ಓದಲು ಅಡ್ಡಿಯಿಲ್ಲ. ಹಳೆಯ ನುಡಿ, ಬರಹ ಕಡತಗಳನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿವೆ. ಚಿಕ್ಕಮ್ಮನ ಕಡತಗಳನ್ನು ಹಾಗೆ ತಿರುಗಿಸಲು ಎರಡು ಸಂಜೆ ಹಿಡಿಯಿತು, ಕೆಲವು ಒತ್ತಕ್ಷರಗಳನ್ನು ಕೈಯಿಂದಲೇ ತಿದ್ದಬೇಕಾಯಿತು.

ಮತ್ತೆ ಹಾಕುವ ಕೆಲಸದ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ, ಇಡೀ ವ್ಯವಹಾರದಲ್ಲಿ ಅದೇ ಸುಲಭದ ಭಾಗ. ಮೈಕ್ರೋಸಾಫ್ಟ್‌ನವರೇ ಕೊಡುವ ಸಾಧನದಿಂದ 8 ಜಿಬಿಯ ಪೆನ್‌ಡ್ರೈವ್ ತಯಾರಿಸಿಕೊಂಡರೆ ಮುಗಿಯಿತು. ಅಸಲಿ ವಿಂಡೋಸ್ 10 ಅಥವಾ 11 ಇದ್ದ ಯಂತ್ರವಾದರೆ ಪರವಾನಗಿ ಮದರ್‌ಬೋರ್ಡಿಗೆ ತಗುಲಿಕೊಂಡಿರುತ್ತದೆ, ಮತ್ತೆ ಹಾಕಿ ಇಂಟರ್ನೆಟ್‌ಗೆ ಸೇರಿಸಿದಾಗ ತಾನಾಗಿ ಗುರುತು ಹಿಡಿಯುತ್ತದೆ. ಅಂಗಡಿಯಲ್ಲಿ ಬಿಟ್ಟಿ ಸಿಗುವ ‘ಕ್ರ್ಯಾಕ್’ ಪ್ರತಿ ಮಾತ್ರ ಬೇಡ. ಕಳ್ಳನನ್ನು ಓಡಿಸಿ ಅವನ ತಮ್ಮನನ್ನು ಕಾವಲಿಗೆ ಇಟ್ಟುಕೊಂಡ ಹಾಗಾದೀತು. ವಿಂಡೋಸ್ 10ಕ್ಕೆ ಮಾಮೂಲಿ ಸುರಕ್ಷಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. 11 ಹಿಡಿಸದ ಹಳೆಯ ಯಂತ್ರವಿದ್ದರೆ ಲಿನಕ್ಸನ್ನೇ ಹಾಕಿಬಿಡಬಹುದು. ಪತ್ರ ಬರೆಯಲು, ಬ್ಯಾಂಕಿನ ಪುಟ ನೋಡಲು ಅದು ಧಾರಾಳವಾಗಿ ಸಾಕು.

ಇನ್ನು, ಕಾರ್ಡಿನಂಥ ಈ ಕಡತಗಳ ಪ್ರತಿ ಎಷ್ಟಿರಬೇಕು? ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಲೆಕ್ಕ ಮೂರು-ಎರಡು-ಒಂದು: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಮನೆಯಾಚೆ. ಮನೆಯಲ್ಲಿ ಹೆಪ್ಪಿಗೂ ಮೊಸರು ಉಳಿಯದಿದ್ದಾಗ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಚಿತ್ರದ ಕಡತಗಳು ಒಂದು ತಪ್ಪು ಆಜ್ಞೆಯಿಂದ ಅಳಿಸಿಹೋಗತೊಡಗಿದವು. ಬ್ಯಾಕಪ್ ತೆರೆದರೆ ಅದೂ ಸರಿಯಾಗಿ ಕೆಲಸ ಮಾಡಿರಲಿಲ್ಲ. ಚಿತ್ರ ಉಳಿದದ್ದು ಗ್ಯಾಲಿನ್ ಸುಸ್ಮನ್ ಎಂಬ ತಂತ್ರಜ್ಞೆಯ ಮನೆಯಲ್ಲಿದ್ದ ಪ್ರತಿಯಿಂದ. ಎಳೆಮಗುವಿನ ತಾಯಿಯಾದ ಆಕೆ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಹುಷಾರಾಗಿ ಸ್ಟುಡಿಯೋಗೆ ತಂದರು. ಅಷ್ಟು ದೊಡ್ಡ ಸಂಸ್ಥೆಯೂ ತನ್ನ ಬ್ಯಾಕಪ್ಪನ್ನು ತೆರೆದು ನೋಡಿರಲಿಲ್ಲ.

ಗೂಗಲ್ ಡ್ರೈವ್‌ನಲ್ಲಿ ಇದ್ದುಬಿಟ್ಟರೆ ಸಾಲದೇ ಎಂದರೆ, ಸಾಲದು. ಕಂಪ್ಯೂಟರಿನ ಜೊತೆ ಜೋಡಿಸಿಟ್ಟ ಫೋಲ್ಡರ್ ಕನ್ನಡಿಯಂತೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಕಸದಬುಟ್ಟಿಯಲ್ಲಿ ಉಳಿಯುವುದು 30 ದಿನ. ಹೊರಗಿನ ಡಿಸ್ಕನ್ನೂ ಸದಾ ಚುಚ್ಚಿಯೇ ಇಡಬೇಡಿ. 2017ರ ಮೇ ತಿಂಗಳಲ್ಲಿ ಲೋಕವನ್ನೆಲ್ಲ ಕಾಡಿದ ವಾನಾಕ್ರೈಯಂಥ ಸುಲಿಗೆ ವೈರಸ್‌ಗಳು ತಗುಲಿಕೊಂಡಿರುವ ಡಿಸ್ಕುಗಳನ್ನೂ ಬಿಡುವುದಿಲ್ಲ.

ಚಿಕ್ಕಪ್ಪನ ಡಿಸೈನುಗಳಲ್ಲಿ ನಾಲ್ಕು ತೆರೆಯಲಿಲ್ಲ. ಎರಡರ ಹಳೆಯ ರಟ್ಟಿನ ಕಾರ್ಡಿನ ಕಟ್ಟು ಅಟ್ಟದ ಮೇಲೆ ಸಿಕ್ಕಿತು, ಅದನ್ನು ನೋಡಿಕೊಂಡು ಮತ್ತೆ ಬಿಡಿಸಿದರು. ಉಳಿದೆರಡು ಹೋದವು. ಅಮಾವಾಸ್ಯೆಯ ದಿನ ಆ ಮನೆಯಲ್ಲಿ ಮಗ್ಗ ನಿಲ್ಲಿಸುತ್ತಾರೆ; ಈಗ ಅದೇ ದಿನ ಹೊರಗಿನ ಡಿಸ್ಕಿಗೆ ಪ್ರತಿ ಇಳಿಸಿ, ಮಗಳ ಮನೆ ನೆಲಮಂಗಲಕ್ಕೆ ಕಳಿಸುತ್ತಾರೆ. ನಿಮ್ಮ ಮನೆಯಲ್ಲಿ ಅದು ಯಾವ ದಿನ ಎಂದು ನೀವೇ ಗೊತ್ತುಮಾಡಿಕೊಳ್ಳಿ. ಪ್ರತಿ ಇಳಿಸಿದ ಮೇಲೆ ಆ ಡಿಸ್ಕನ್ನು ಬೇರೆಯವರ ಕಂಪ್ಯೂಟರ್‌ಗೆ ಹಾಕಿ, ಒಂದೆರಡು ಕಡತವನ್ನಾದರೂ ತೆರೆದು ಓದಿ ನೋಡಿ.