ಗುಡುಗಿಗೆ ಅಂಜುವ ಮಗು

ಭರಣಿ ಮಳೆಗೆ ಗುಡುಗು ಸಿಡಿಲಿನ ಆರ್ಭಟ ಹೆಚ್ಚು. ಮುಂಗಾರು ಕಾಲಿಡುವ ಮೊದಲು, ಹಗಲಿನ ಬಿಸಿಲಿಗೆ ಕಾದ ಗಾಳಿ ಮೇಲೇರಿ, ಸಂಜೆಯ ವೇಳೆಗೆ ಕಾರ್ಮೋಡ ಕವಿದು, ಊರೆಲ್ಲ ನಡುಗುವಂತೆ ಗುಡುಗುವುದನ್ನು ವಾಚಕರೆಲ್ಲರೂ ಕಂಡಿರುತ್ತಾರೆ. ರೈತನಿಗೆ ಹರ್ಷವನ್ನು ತರುವ ಈ ಮಳೆ ನಮ್ಮ ಮನೆಗೆ ಮಾತ್ರ ಎರಡು ವರ್ಷಗಳ ಕಾಲ ಸಂಕಟವನ್ನೇ ತಂದಿತು. ಆಗ ಏಳು ವರ್ಷದವಳಾಗಿದ್ದ ನನ್ನ ಮಗಳು ಗುಡುಗಿಗೆ ಅಂಜುತ್ತಿದ್ದಳು.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವವನು. ಅಂಜಿಕೆಗೆ ಅಜ್ಞಾನವೇ ಮೂಲವೆಂದು ನಂಬಿದ್ದವನು. ಮಗಳನ್ನು ಹತ್ತಿರ ಕೂರಿಸಿಕೊಂಡು ವಿವರಿಸಿದೆ. ಮಿಂಚಿನ ದಾರಿಯಲ್ಲಿರುವ ಗಾಳಿ ಕ್ಷಣಮಾತ್ರದಲ್ಲಿ ಕಾದು, ರಭಸದಿಂದ ಹಿಗ್ಗುತ್ತದೆ. ಆ ಸದ್ದೇ ಗುಡುಗು. ಬೆಳಕು ನಮ್ಮನ್ನು ಒಡನೆಯೇ ಮುಟ್ಟುತ್ತದೆ. ಶಬ್ದವಾದರೋ ಸೆಕೆಂಡಿಗೆ ಸುಮಾರು ೩೪೦ ಮೀಟರಿನಷ್ಟೇ ಚಲಿಸುತ್ತದೆ. ಆದುದರಿಂದ ಮಿಂಚು ಕಂಡ ಮೂರು ಸೆಕೆಂಡಿನ ಮೇಲೆ ಗುಡುಗು ಕೇಳಿದರೆ ಮಿಂಚು ಒಂದು ಕಿಲೋಮೀಟರು ದೂರದಲ್ಲಿದೆ ಎಂದು ತಿಳಿಯಬೇಕು. ಮಗಳು ಇದೆಲ್ಲವನ್ನೂ ಕಲಿತು ಅಜ್ಜಿಗೆ ತಪ್ಪಿಲ್ಲದೆ ಒಪ್ಪಿಸಿದಳು. ಅದೇ ಸಂಜೆ ಗುಡುಗಿದಾಗ ಕಿವಿ ಮುಚ್ಚಿಕೊಂಡು ಅಜ್ಜಿಯ ಸೆರಗಿನಲ್ಲಿ ಅಡಗಿದಳು.

ದಿನ ಕಳೆದಂತೆ ಮನೆಯ ವ್ಯವಹಾರವೆಲ್ಲ ಈ ಅಂಜಿಕೆಯ ಸುತ್ತ ತಿರುಗತೊಡಗಿತು. ಮೋಡ ಕಂಡರೆ ಕಿಟಕಿಗಳನ್ನೆಲ್ಲ ಮುಚ್ಚಿ ಟೆಲಿವಿಷನ್ನಿನ ಸದ್ದನ್ನು ಏರಿಸುತ್ತಿದ್ದೆವು. ಅಜ್ಜಿ ಮಗುವನ್ನು ತಬ್ಬಿ ಅರ್ಜುನನ ಹತ್ತು ಹೆಸರುಗಳನ್ನು ಹೇಳುತ್ತಿದ್ದರು. ರಾತ್ರಿ ತಾಯಿ ಮಗಳ ಹಾಸಿಗೆಯಲ್ಲೇ ಮಲಗಬೇಕು. "ಇವತ್ತು ಗುಡುಗುತ್ತಾ ಅಪ್ಪ?" ಎಂದು ದಿನಕ್ಕೆ ಇಪ್ಪತ್ತು ಸಲ ಕೇಳಿದರೆ ಇಪ್ಪತ್ತು ಸಲವೂ ನಾನು ಉತ್ತರ ಕೊಡಬೇಕು. ಶಾಲೆ ತೆರೆದ ಮೇಲೆ, ಮೋಡ ಕವಿದ ಬೆಳಿಗ್ಗೆಗಳಲ್ಲಿ ಅವಳಿಗೆ ಹೊಟ್ಟೆನೋವು ಬರತೊಡಗಿತು. ಆ ವರ್ಷ ೧೯ ದಿನ ಶಾಲೆ ತಪ್ಪಿತು. ನಾವು ಮಾಡಿದ್ದೆಲ್ಲವೂ ಪ್ರೀತಿಯಿಂದಲೇ ಮಾಡಿದ್ದು. ಅಂಜಿಕೆ ಮಾತ್ರ ಬೆಳೆಯುತ್ತಲೇ ಹೋಯಿತು. ಇದು ಹೀಗೇಕೆ?

ಆಲ್ಬರ್ಟ್ ಮತ್ತು ಪೀಟರ್

ಭಯವು ಸ್ವತಃ ರೋಗವಲ್ಲ; ಅದು ಪ್ರಾಣಿಯ ರಕ್ಷಣೆಗೆ ಪ್ರಕೃತಿ ಕೊಟ್ಟಿರುವ ಸಾಧನ. ಅಪಾಯದ ಸೂಚನೆ ಕಂಡೊಡನೆ ಮಿದುಳಿನಲ್ಲಿ ಬಾದಾಮಿಯ ಆಕಾರದ ಅಮಿಗ್ಡಲವೆಂಬ ಭಾಗವು ಚುರುಕಾಗುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆ ಬಡಿದುಕೊಳ್ಳುತ್ತದೆ, ಉಸಿರು ವೇಗಗೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ. ಆದಕಾರಣ ನನ್ನ ಮಗಳ ಹೊಟ್ಟೆನೋವು ಸುಳ್ಳು ನೆಪವಾಗಿರಲಿಲ್ಲ. ಅಪಾಯವಿಲ್ಲದೆಡೆಯಲ್ಲೂ ಈ ಕ್ರಿಯೆ ಮತ್ತೆ ಮತ್ತೆ ನಡೆದು, ಮಗುವಿನ ಆಟ, ಪಾಠ, ನಿದ್ರೆಗಳಿಗೆ ಬಹುಕಾಲ ಅಡ್ಡಿಯಾದಾಗ ಅದನ್ನು ಆತಂಕದ ಕಾಯಿಲೆ ಎನ್ನುತ್ತಾರೆ.

ಮಕ್ಕಳ ಭಯವನ್ನು ಪ್ರಯೋಗದಿಂದ ಪರೀಕ್ಷಿಸಿದ ಹೆಸರಾಂತ ಪ್ರಯತ್ನವೊಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ನಡೆಯಿತು. ಅದರ ವರದಿಯನ್ನು ಜಾನ್ ವಾಟ್ಸನ್ ಮತ್ತು ರೋಸಲಿ ರೇನರ್ ೧೯೨೦ರಲ್ಲಿ ಪ್ರಕಟಿಸಿದರು. ಆಲ್ಬರ್ಟ್ ಎಂದು ಅವರು ಕರೆದ ಹನ್ನೊಂದು ತಿಂಗಳ ಕೂಸು ಬಿಳಿಯ ಇಲಿಯನ್ನು ಮುಟ್ಟಲು ಹೋದಾಗಲೆಲ್ಲ, ಅದರ ಬೆನ್ನ ಹಿಂದೆ ಉಕ್ಕಿನ ಸರಳನ್ನು ಸುತ್ತಿಗೆಯಿಂದ ಬಾರಿಸಿದರು. ಕೆಲವೇ ಸಲದಲ್ಲಿ ಕೂಸು ಇಲಿಯನ್ನು ಕಂಡರೇ ಅಳತೊಡಗಿತು. ಮೊಲವನ್ನೂ ತುಪ್ಪುಳಿನ ಕೋಟನ್ನೂ ಕಂಡು ಅಂಜಿತು. ಆ ಭಯವನ್ನು ಕಳೆಯುವ ಮೊದಲೇ ಕೂಸನ್ನು ಅಲ್ಲಿಂದ ಕರೆದೊಯ್ದರು. ಇಂಥ ಪ್ರಯೋಗವನ್ನು ಇಂದು ಯಾವ ಸಂಸ್ಥೆಯೂ ಸಮ್ಮತಿಸಲಾರದು.

ಹುಟ್ಟಿದ ಭಯವನ್ನು ಕಳೆಯುವ ದಾರಿಯನ್ನು ತೋರಿಸಿದವರು ಮೇರಿ ಕವರ್ ಜೋನ್ಸ್. ೧೯೨೪ರಲ್ಲಿ ಅವರು ನ್ಯೂಯಾರ್ಕಿನಿಂದ ಎರಡು ವರದಿಗಳನ್ನು ಪ್ರಕಟಿಸಿದರು. ಪೀಟರ್ ಎಂಬ, ಮೂರು ವರ್ಷ ತುಂಬದ ಹುಡುಗ ಮೊಲಕ್ಕೆ ಹೆದರುತ್ತಿದ್ದ. ಅವನು ತನಗೆ ಇಷ್ಟವಾದ ತಿಂಡಿಯನ್ನು ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು, ಅವನು ಅಳದಷ್ಟು ದೂರದಲ್ಲಿರಿಸಿ, ದಿನದಿನಕ್ಕೆ ಸ್ವಲ್ಪಸ್ವಲ್ಪ ಹತ್ತಿರಕ್ಕೆ ತಂದರು. ಮೊಲಕ್ಕೆ ಅಂಜದ ಬೇರೆ ಮಕ್ಕಳನ್ನೂ ಜೊತೆಗೆ ಬಿಟ್ಟರು. ನಡುವೆ ಪೀಟರ್ ಕಾಯಿಲೆಬಿದ್ದ. ದೊಡ್ಡ ನಾಯಿಯೊಂದು ಅವನ ಮೇಲೆ ಹಾರಿತು. ಕಳೆದಿದ್ದ ಭಯವೆಲ್ಲ ಮರಳಿತು. ಜೋನ್ಸ್ ಎದೆಗುಂದದೆ ಮತ್ತೆ ಆರಂಭಿಸಿದರು. ಕೊನೆಗೆ ಮೊಲವು ತನ್ನ ಬೆರಳನ್ನು ಮೆಲ್ಲಗೆ ಕಚ್ಚಿದರೂ ಹುಡುಗ ಅಂಜಲಿಲ್ಲ.

ಅವರ ಇನ್ನೊಂದು ವರದಿಯನ್ನು ಓದಿದಾಗ ನನಗೆ ನಾಚಿಕೆಯಾಯಿತು. ಮೊಲಕ್ಕೆ ಅಂಜುತ್ತಿದ್ದ ಪುಟ್ಟ ಹುಡುಗಿಯೊಬ್ಬಳಿಗೆ ಒಂದು ವಾರ, ದಿನಕ್ಕೆ ಹತ್ತು ನಿಮಿಷ, ಮೊಲದ ವಿಷಯವಾಗಿ ಮಾತನಾಡಿ ಕಥೆ ಚಿತ್ರಗಳನ್ನು ತೋರಿಸಿದರು. ಅವಳು ಉತ್ಸಾಹದಿಂದ ಮಾತನಾಡಿದಳು. ಮೊಲ ಎದುರಿಗೆ ಬಂದಾಗ ಮೊದಲಿನಂತೆಯೇ ಹೆದರಿದಳು. ನನ್ನ ಗುಡುಗಿನ ಪಾಠಕ್ಕೂ ಇದೇ ಗತಿಯಾಗಿತ್ತು! ಹಾಸ್ಯ ಮಾಡುವುದರಿಂದಲೂ ಭಯ ಹೋಗದೆಂದು ಜೋನ್ಸ್ ಕಂಡರು. ನಿಸ್ಸಂದೇಹವಾಗಿ ಫಲಕೊಟ್ಟ ಉಪಾಯಗಳು ಎರಡೇ: ಇಷ್ಟವಾದುದರ ಜೊತೆಯಲ್ಲಿ ಭಯದ ವಸ್ತುವನ್ನು ಮೆಲ್ಲಗೆ ಎದುರಿಗೆ ತರುವುದು, ಅಂಜದ ಮಕ್ಕಳನ್ನು ನೋಡಿ ಕಲಿಯುವಂತೆ ಮಾಡುವುದು.

ಸಮಾಧಾನದ ಬಲೆ

ಹಾಗಾದರೆ ಸಂತೈಸುವುದರಿಂದ ಭಯ ಬೆಳೆಯುವುದೇಕೆ? ಮೌರರ್ ಎಂಬ ಮನಶ್ಶಾಸ್ತ್ರಜ್ಞರು ೧೯೪೭ರಲ್ಲಿ ಮಂಡಿಸಿದ ವಾದದಿಂದ ಇದು ತಿಳಿಯಾಗುತ್ತದೆ. ಅಂಜಿದವನು ತಪ್ಪಿಸಿಕೊಂಡಾಗ ಅವನಿಗೆ ದೊಡ್ಡ ನೆಮ್ಮದಿಯಾಗುತ್ತದೆ. ಆ ನೆಮ್ಮದಿಯೇ ಬಹುಮಾನ. ಬಹುಮಾನ ದೊರೆತ ಕೆಲಸವನ್ನು ಮನಸ್ಸು ಮತ್ತೆ ಮಾಡಬಯಸುತ್ತದೆ. ತಪ್ಪಿಸಿಕೊಂಡವನಿಗೆ, ತಪ್ಪಿಸಿಕೊಳ್ಳದಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದನ್ನು ಕಲಿಯುವ ಅವಕಾಶವೇ ಸಿಗುವುದಿಲ್ಲ.

ಸಭೆಗಳಲ್ಲಿ ಮೈಕನ್ನು ಧ್ವನಿವರ್ಧಕದ ಸಮೀಪಕ್ಕೆ ತಂದಾಗ ಕೇಳುವ ಕರ್ಕಶವಾದ ಕೂಗನ್ನು ನೆನೆಯಿರಿ. ಧ್ವನಿವರ್ಧಕದ ಸಣ್ಣ ಸದ್ದು ಮೈಕನ್ನು ಸೇರಿ, ದೊಡ್ಡದಾಗಿ ಹೊರಬಂದು, ಪುನಃ ಮೈಕನ್ನು ಸೇರುತ್ತದೆ. ಮನೆಯಲ್ಲಿಯೂ ಹಾಗೆಯೇ. ಮಗುವಿನ ಭಯ ತಾಯಿತಂದೆಯರನ್ನು ಮುಟ್ಟುತ್ತದೆ. ಅವರು ಧಾವಿಸಿ ಬಂದು ತಪ್ಪಿಸುತ್ತಾರೆ. "ಅಪ್ಪನೇ ಓಡಿಬಂದನೆಂದರೆ ಇದು ನಿಜವಾಗಿಯೂ ಅಪಾಯವೇ ಇರಬೇಕು" ಎಂದು ಮಗು ಗ್ರಹಿಸುತ್ತದೆ. ಭಯ ಇನ್ನಷ್ಟು ಬಲಿಯುತ್ತದೆ. ಇದರಿಂದ ತಾಯಿತಂದೆಯರೇ ಕಾಯಿಲೆಗೆ ಕಾರಣರೆಂದು ಭಾವಿಸಬಾರದು. ಆತಂಕದ ಸ್ವಭಾವ ಭಾಗಶಃ ಹುಟ್ಟಿನಿಂದ ಬರುತ್ತದೆಂದು ಅವಳಿಮಕ್ಕಳ ಅಧ್ಯಯನಗಳು ತೋರಿಸಿವೆ. ಮೈಕು ಕೂಗನ್ನು ಹುಟ್ಟಿಸಲಿಲ್ಲ. ಆದರೂ ಮೈಕನ್ನು ಸರಿಸಿದರೆ ಕೂಗು ನಿಲ್ಲುತ್ತದೆ.

ಚಿಕಿತ್ಸೆಯ ಕ್ರಮ

ಇಂದಿನ ಚಿಕಿತ್ಸೆಯನ್ನು ಅರಿವು-ವರ್ತನೆಯ ಚಿಕಿತ್ಸೆ ಎನ್ನಬಹುದು. ಅಮೆರಿಕದ ಟೆಂಪಲ್ ವಿಶ್ವವಿದ್ಯಾನಿಲಯದ ಫಿಲಿಪ್ ಕೆಂಡಾಲ್ ೯ರಿಂದ ೧೩ ವರ್ಷದ ೪೭ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ ೧೯೯೪ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಗು ತನ್ನ ದೇಹದಲ್ಲಿ ಆತಂಕದ ಚಿಹ್ನೆಗಳನ್ನು ಗುರುತಿಸಲೂ, ತನ್ನ ಅಂಜಿಕೆಯ ಯೋಚನೆಗಳನ್ನು ಪರೀಕ್ಷಿಸಲೂ ಕಲಿಯುತ್ತದೆ. ಆಮೇಲೆ, ಏಣಿಯ ಮೆಟ್ಟಿಲುಗಳಂತೆ, ಕಡಮೆ ಭಯದಿಂದ ಹೆಚ್ಚು ಭಯದ ಕಡೆಗೆ ಒಂದೊಂದಾಗಿ ಎದುರಿಸುತ್ತ ಹೋಗುತ್ತದೆ. ಪೀಟರನ ಮೊಲ ಇಲ್ಲಿಯೂ ಇದೆ ಎಂಬುದನ್ನು ವಾಚಕರು ಗಮನಿಸಿರಬಹುದು.

೨೦೦೮ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇನ್ನೂ ದೊಡ್ಡದು. ಅದರಲ್ಲಿ ೭ರಿಂದ ೧೭ ವರ್ಷದ ೪೮೮ ಮಕ್ಕಳನ್ನು ನಾಲ್ಕು ಗುಂಪು ಮಾಡಿ, ೧೨ ವಾರಗಳ ಅನಂತರ ಪರೀಕ್ಷಿಸಿದರು. ಬಹುಮಟ್ಟಿಗೆ ಸುಧಾರಿಸಿದವರು ಹುಸಿಗುಳಿಗೆಯ ಗುಂಪಿನಲ್ಲಿ ನೂರಕ್ಕೆ ಸುಮಾರು ೨೪. ಸರ್ಟ್ರಲಿನ್ ಎಂಬ ಔಷಧದ ಗುಂಪಿನಲ್ಲಿ ೫೫. ಅರಿವು-ವರ್ತನೆಯ ಚಿಕಿತ್ಸೆಯಿಂದ ೬೦. ಎರಡನ್ನೂ ಕೂಡಿಸಿದಾಗ ೮೧. ಔಷಧದ ಆವಶ್ಯಕತೆಯನ್ನು ವೈದ್ಯರೇ ನಿರ್ಧರಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ.

ತಾಯಿತಂದೆಯರಿಗೆ ಚಿಕಿತ್ಸೆ

ಮಗುವೇ ಚಿಕಿತ್ಸೆಗೆ ಬರಲೊಲ್ಲದಿದ್ದರೆ? ಯೇಲ್ ವಿಶ್ವವಿದ್ಯಾನಿಲಯದ ಎಲಿ ಲೆಬೊವಿಟ್ಜ್ ಮತ್ತು ಸಂಗಡಿಗರು ಈ ಪ್ರಶ್ನೆಗೆ ಉತ್ತರವಾಗಿ ತಾಯಿತಂದೆಯರಿಗೆ ಮಾತ್ರವೇ ಶಿಕ್ಷಣ ಕೊಡುವ ಒಂದು ಕ್ರಮವನ್ನು ರೂಪಿಸಿದರು. ಅದರ ಹೆಸರು 'ಸ್ಪೇಸ್'. ೨೦೨೦ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ೭ರಿಂದ ೧೪ ವರ್ಷದ ೧೨೪ ಮಕ್ಕಳಿದ್ದರು. ಒಂದು ಗುಂಪಿನಲ್ಲಿ ಮಕ್ಕಳಿಗೆ ಅರಿವು-ವರ್ತನೆಯ ಚಿಕಿತ್ಸೆ. ಇನ್ನೊಂದರಲ್ಲಿ ವಾರಕ್ಕೊಮ್ಮೆಯಂತೆ ೧೨ ಸಲ ತಾಯಿತಂದೆಯರ ಭೇಟಿ ಮಾತ್ರ. ಎರಡನೆಯ ಗುಂಪಿನ ಮಕ್ಕಳು ಚಿಕಿತ್ಸಕರ ಬಳಿಗೆ ಚಿಕಿತ್ಸೆಗಾಗಿ ಹೋಗಲೇ ಇಲ್ಲ. ಆದರೂ ಅವರು ಮೊದಲನೆಯ ಗುಂಪಿಗೆ ಕಡಮೆಯಿಲ್ಲದಂತೆ ಸುಧಾರಿಸಿದರು.

ತಾಯಿತಂದೆಯರು ಕಲಿತದ್ದು ಎರಡು ವಿಷಯಗಳನ್ನು. ಮೊದಲನೆಯದು ಮಾತಿನ ರೀತಿ. ಮಗುವಿನ ಸಂಕಟವನ್ನು ಒಪ್ಪಿಕೊಳ್ಳಬೇಕು. ಅದೇ ಉಸಿರಿನಲ್ಲಿ ಅದರ ಶಕ್ತಿಯಲ್ಲಿ ನಂಬಿಕೆಯನ್ನೂ ತೋರಿಸಬೇಕು. "ಇದಕ್ಕೆಲ್ಲ ಹೆದರುತ್ತಾರೆಯೇ?" ಎಂಬ ಮಾತಿನಲ್ಲಿ ಒಪ್ಪಿಗೆ ಇಲ್ಲ, "ಅಯ್ಯೋ ಪಾಪ, ನಿನಗಾಗದು ಬಿಡು" ಎಂಬುದರಲ್ಲಿ ನಂಬಿಕೆ ಇಲ್ಲ. ಎರಡನೆಯದು, ಮಗುವಿನ ಭಯಕ್ಕಾಗಿ ತಾವು ಮಾಡಿಕೊಂಡಿರುವ ಹೊಂದಾಣಿಕೆಗಳನ್ನು, ಮೊದಲೇ ತಿಳಿಸಿ, ಒಂದೊಂದಾಗಿ ಬಿಡುವುದು. ಮಗುವನ್ನು ಬಲವಂತದಿಂದ ಭಯದೆಡೆಗೆ ನೂಕುವುದು ಇದರಲ್ಲಿಲ್ಲ. ಬದಲಾಗಬೇಕಾದದ್ದು ತಾಯಿತಂದೆಯರ ನಡತೆ. ಅದು ಅವರ ಕೈಯಲ್ಲೇ ಇದೆ.

ನಮ್ಮ ಮನೆಯಲ್ಲಿ

ಮನಶ್ಶಾಸ್ತ್ರಜ್ಞೆಯೊಬ್ಬರ ಸಲಹೆಯಂತೆ ನಾವು ಪಟ್ಟಿ ಮಾಡಿದೆವು. ಅಂಜಿಕೆಗಾಗಿ ನಾವು ಮಾಡುತ್ತಿದ್ದ ಕೆಲಸಗಳು ೧೪ ಇದ್ದವು! ಗುಡುಗಿನ ಪ್ರಶ್ನೆಗೆ ದಿನಕ್ಕೆ ಒಂದೇ ಸಲ ಉತ್ತರ ಕೊಡುವುದೆಂದೂ, ರಾತ್ರಿ ತಾಯಿ ಪಕ್ಕದ ಕೋಣೆಯಲ್ಲಿ ಮಲಗುವಳೆಂದೂ ನಿರ್ಧರಿಸಿ, ಕಾಗದದಲ್ಲಿ ಬರೆದು ಮಗಳಿಗೆ ಓದಿ ಹೇಳಿದೆವು. ಅಜ್ಜಿ ಒಪ್ಪಲಿಲ್ಲ. "ಮಗು ಅಳ್ತಿದ್ರೆ ನೋಡ್ಕೊಂಡು ಕೂತಿರೋದಾ?" ಎಂದು ಕೇಳಿದರು. ಆ ಪ್ರಶ್ನೆ ನನ್ನದೂ ಆಗಿತ್ತು. ಮೊದಲ ವಾರ ಅಳು ಹೆಚ್ಚಿತು. ಹೀಗಾಗುವುದುಂಟೆಂದು ಮೊದಲೇ ತಿಳಿಸಿದ್ದರೂ, ಗುಡುಗುವ ಒಂದು ರಾತ್ರಿ ಬಾಗಿಲ ಹೊರಗೆ ನಿಂತು, "ನಿನಗೆ ಭಯವಾಗ್ತಿದೆ, ಗೊತ್ತು ಪುಟ್ಟಿ. ನೀನು ತಾಳ್ಕೋತೀಯ, ಅದೂ ಗೊತ್ತು" ಎಂದು ಹೇಳಿ ಸುಮ್ಮನಾಗುವುದು ನನಗೆ ಬಹು ಕಷ್ಟವಾಯಿತು. ಮುಕ್ಕಾಲು ಗಂಟೆಯ ಮೇಲೆ ಅವಳು ನಿದ್ರೆಹೋದಳು. ಬೆಳಿಗ್ಗೆ ಎದ್ದು, "ನಾನೊಬ್ಬಳೇ ಮಲಗಿದ್ದೆ" ಎಂದು ಅಜ್ಜಿಗೆ ಹೇಳಿದಳು. ಅಂದಿನಿಂದ ಅಜ್ಜಿಯೂ ನಮ್ಮ ಪಕ್ಷವಾದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಯಲಿನಲ್ಲಿ, ಮರದಡಿಯಲ್ಲಿ ಸಿಡಿಲು ನಿಜವಾದ ಅಪಾಯ. ಗುಡುಗು ಕೇಳಿದೊಡನೆ ಮನೆಯೊಳಕ್ಕೆ ಬರುವುದೇ ವಿವೇಕ. ನಾವು ಬಿಡಿಸಬೇಕಾಗಿದ್ದುದು ಈ ವಿವೇಕವನ್ನಲ್ಲ, ಮನೆಯೊಳಗೆ ಕುಳಿತೂ ನಡುಗುವ ಅಂಜಿಕೆಯನ್ನು.

ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ತಮ್ಮದೇ ಆತಂಕ ಇರಬಹುದು. ಅದು ಹೇಡಿತನವಲ್ಲ, ಚಿಕಿತ್ಸೆಯುಳ್ಳ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ವಿಭಾಗವಿದೆ. ೨೦೨೨ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಟೆಲಿ-ಮಾನಸ್' ಸೇವೆಗೆ ೧೪೪೧೬ಕ್ಕೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ದೊರೆಯುತ್ತದೆ.

ಮಗಳಿಗೆ ಗುಡುಗೆಂದರೆ ಈಗಲೂ ಇಷ್ಟವಿಲ್ಲ. ಆದರೆ ಕಳೆದ ವರ್ಷ ಅವಳಿಗೆ ಶಾಲೆ ತಪ್ಪಿದ್ದು ಎರಡೇ ದಿನ, ಅದೂ ಜ್ವರದಿಂದ. ಮೊನ್ನೆ ಸಂಜೆ ಮಳೆ ಬಂದು ವಿದ್ಯುತ್ತು ಹೋಯಿತು. ಕತ್ತಲಲ್ಲಿ ಮಿಂಚಿತು. ಅವಳು ನನ್ನ ಕೈಯನ್ನು ಹಿಡಿಯಲು ಬಂದವಳು ಅರ್ಧದಲ್ಲೇ ನಿಂತು, ಮೆಲುದನಿಯಲ್ಲಿ ಎಣಿಸತೊಡಗಿದಳು. ಒಂಬತ್ತಕ್ಕೆ ಗುಡುಗಿತು.

"ಮೂರು ಕಿಲೋಮೀಟರು, ಅಪ್ಪ" ಎಂದಳು.