ಕಾರ್ಖಾನೆ ಮುಚ್ಚಿದರೂ ಗಾಡಿ ಓಡಿಸುವ ಜೆ.ಸಿ. ರಸ್ತೆ

ಬೆಂಗಳೂರಿನ ಪುರಭವನದಿಂದ ಮಿನರ್ವ ಸರ್ಕಲ್ ಕಡೆಗೆ ಹೊರಟರೆ, ಜೆ.ಸಿ. ರಸ್ತೆಯ ಉದ್ದಕ್ಕೂ ವಾಹನಗಳ ಬಿಡಿಭಾಗಗಳದೇ ವ್ಯಾಪಾರ. ಸೀಟ್ ಕವರ್, ಹೆಡ್‌ಲೈಟ್, ಮ್ಯಾಟುಗಳು ರಸ್ತೆಗೆ ಮುಖಮಾಡಿ ಮಿನುಗುತ್ತವೆ. ಗಾಡಿಯ ಆಯಸ್ಸನ್ನು ನಿರ್ಧರಿಸುವ ಸಾಮಾನು ಮಾತ್ರ ಒಳಗಿನ ಕಪಾಟುಗಳಲ್ಲಿದೆ.

ಬೇರಿಂಗ್ ಅಂಗಡಿಯೊಂದರಲ್ಲಿ ಮೆಕ್ಯಾನಿಕ್ ಒಬ್ಬರು ಗ್ರೀಸ್ ಮೆತ್ತಿದ ಹಳೆಯ ಬೇರಿಂಗನ್ನು ಕೌಂಟರಿನ ಮೇಲಿಟ್ಟರು. ಅಂಗಡಿಯವರು ಗಾಡಿ ಯಾವುದೆಂದು ಕೇಳಲೇ ಇಲ್ಲ. ಬಟ್ಟೆಯಿಂದ ಒರೆಸಿ ಅಂಚಿನ ನಂಬರ್ ಓದಿದರು: 6204. ಒಳವ್ಯಾಸ 20 ಮಿ.ಮೀ., ಹೊರವ್ಯಾಸ 47, ದಪ್ಪ 14. ಯಾವ ದೇಶದ ಯಾವ ಕಂಪನಿ ಮಾಡಿದರೂ ಆ ನಂಬರಿಗೆ ಅಳತೆ ಅದೇ. ಸ್ಪೇರ್ ಪಾರ್ಟ್ ಬಹುಕಾಲ ಸಿಗುವುದರ ಮೊದಲ ಗುಟ್ಟು ಇದು: ಅಳತೆ ಎಲ್ಲರ ಸೊತ್ತಾಗಿರಬೇಕು.

ಎರಡನೆಯದು ಕೈಕಸುಬು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ತಯಾರಿಕೆ ಆರಂಭಿಸಿ 1996ರಲ್ಲಿ ಬಾಗಿಲು ಹಾಕಿತು. ಅದರ ಯೆಜ್ಡಿಗಳು ಇಂದಿಗೂ ನಮ್ಮ ರಸ್ತೆಗಳಲ್ಲಿವೆ. ಆ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ; ಸವೆಯುವ ಭಾಗಗಳೇ ಕಡಿಮೆ. ಸಿಲಿಂಡರ್ ಸವೆದರೆ ಬೋರಿಂಗ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಕೂರಿಸಿದರಾಯಿತು. ಬುಷ್ ಸಿಗದಿದ್ದರೆ ಲೇತಿನವರು ಹಳೆಯದನ್ನು ನೋಡಿಕೊಂಡು ಹೊಸದನ್ನೇ ಕಡೆದುಕೊಡುತ್ತಾರೆ.

ಈ ಜಾಣ್ಮೆ ಸೋಲುವುದು ಹೊಸ ಕಾರಿನ ಇಸಿಎಂ ಮುಂದೆ. ಎಂಜಿನ್ನನ್ನು ನಿಯಂತ್ರಿಸುವ ಆ ಪುಟ್ಟ ಪೆಟ್ಟಿಗೆ ಕೆಟ್ಟಾಗ ಅದೇ ಮಾಡೆಲಿನ ಇನ್ನೊಂದು ಗುಜರಿಯಲ್ಲಿ ಸಿಕ್ಕರೂ ಎಷ್ಟೋ ಕಾರುಗಳಲ್ಲಿ ಜೋಡಿಸಿದ ಮಾತ್ರಕ್ಕೆ ಎಂಜಿನ್ ಚಾಲೂ ಆಗದು. ಸಾಫ್ಟ್‌ವೇರ್ ಮೂಲಕ ಆ ಗಾಡಿಗೆ ಹೊಂದಿಸಬೇಕು. ಆ ಸಾಫ್ಟ್‌ವೇರ್ ಸಿಗದ ಮೆಕ್ಯಾನಿಕ್, ಎಷ್ಟೇ ಅನುಭವಿಯಾದರೂ, ಕೈಚೆಲ್ಲಬೇಕಾಗುತ್ತದೆ.

ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಮಾಹಿತಿ ಒದಗಿಸುವ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದು, ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಒಳ್ಳೆಯ ಹೆಜ್ಜೆ. ಆದರೆ ಮಾಹಿತಿಯಷ್ಟೇ ಸಾಲದು. ಮಾಡೆಲ್ ನಿಂತ ಮೇಲೂ ಇಷ್ಟು ವರ್ಷ ಬಿಡಿಭಾಗ ಒದಗಿಸಬೇಕು, ರಿಪೇರಿ ಸಾಫ್ಟ್‌ವೇರನ್ನು ಹೊರಗಿನ ಮೆಕ್ಯಾನಿಕ್‌ಗಳಿಗೂ ನ್ಯಾಯವಾದ ಬೆಲೆಗೆ ಕೊಡಬೇಕು ಎಂಬ ಕಟ್ಟುಪಾಡು ಬೇಕು.

ಜೆ.ಸಿ. ರಸ್ತೆಗೆ ಬರುವವರು ಕೆಟ್ಟ ಭಾಗವನ್ನು ಬಿಚ್ಚಿ ಜೊತೆಗೇ ತನ್ನಿ. ಹೆಸರಿಗಿಂತ ನಂಬರ್, ಅಳತೆ ಮುಖ್ಯ. ಹೊಸ ಗಾಡಿ ಕೊಳ್ಳುವವರು ಮೈಲೇಜಿನ ಜೊತೆ ಇನ್ನೊಂದು ಪ್ರಶ್ನೆ ಕೇಳಿ: ಹದಿನೈದು ವರ್ಷಗಳ ನಂತರ ಇದನ್ನು ಯಾರು ರಿಪೇರಿ ಮಾಡುತ್ತಾರೆ? ಕೊಳ್ಳುವವರೆಲ್ಲ ಹೀಗೆ ಕೇಳತೊಡಗಿದರೆ ಕಂಪನಿಗಳು ಉತ್ತರ ಕೊಡಲೇಬೇಕಾಗುತ್ತದೆ.