ಮಣಿಕಟ್ಟಿನ ಗುಂಡಿ ಮುಷ್ಕರ ಹೂಡಿದರೆ

ಎಚ್.ಎಮ್.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿತು. ಅಂದಿನ ಗಡಿಯಾರಕ್ಕೆ ದಿನವೂ ಕೀಲಿ ಕೊಡಬೇಕಾಗಿತ್ತು. ಕೊಡುವಾಗಲೇ ಅದರ ಪರೀಕ್ಷೆಯೂ ಆಗುತ್ತಿತ್ತು. ಗುಂಡಿ ಬಿಗಿಯಾದರೆ ಬೆರಳಿಗೆ ಅಂದೇ ತಿಳಿಯುತ್ತಿತ್ತು. ಇಂದಿನ ಸ್ಮಾರ್ಟ್ ವಾಚಿಗೆ ಈ ನಿತ್ಯವಿಧಿಯಿಲ್ಲ. ಅದರ ಪಕ್ಕದ ಗುಂಡಿ ಕೆಟ್ಟದ್ದು ಬೇಕಾದ ಹೊತ್ತಿಗೇ ಗೊತ್ತಾಗುವುದುಂಟು.

ಮಗ ಸಂಭಾಜಿನಗರದ ವಾಳೂಜ ಕಾರಖಾನೆಯಲ್ಲಿ, ತಾಯಿ ನಾಸಿಕದಲ್ಲಿ. ನಡುವೆ ಸುಮಾರು ಇನ್ನೂರು ಕಿಲೋಮೀಟರು. ಇಂತಹ ಮನೆಗಳಲ್ಲಿ ವಾಚು ಅಲಂಕಾರವಲ್ಲ, ಕರೆಗಂಟೆ. ಕೆಲವು ವಾಚುಗಳಲ್ಲಿ ಗುಂಡಿಯನ್ನು ಒತ್ತಿ ಹಿಡಿದರೆ, ಕೆಲವುಗಳಲ್ಲಿ ಬೇಗಬೇಗನೆ ಹಲವು ಸಲ ಒತ್ತಿದರೆ ತುರ್ತು ಕರೆ ಹೋಗುತ್ತದೆ. ನಮ್ಮ ದೇಶದ ತುರ್ತು ಸಂಖ್ಯೆ 112. ವಾಚಿಗೆ ಸ್ವಂತ ಸಿಮ್ ಸೌಲಭ್ಯವಿಲ್ಲದಿದ್ದರೆ ಫೋನು ಹತ್ತಿರವಿರಬೇಕೆಂಬುದನ್ನೂ ಹಿರಿಯರಿಗೆ ತಿಳಿಸಿರಬೇಕು.

ಗುಂಡಿ ಮುಷ್ಕರ ಹೂಡಲು ಕಾರಣಗಳು ಸಾಮಾನ್ಯವಾಗಿ ಸರಳವಾದುವು. ರೊಟ್ಟಿ ಹಿಟ್ಟು, ಸಾಬೂನು, ಬೆವರಿನ ಉಪ್ಪು, ರಾಮಕುಂಡದ ಸ್ನಾನದಲ್ಲಿ ಸಿಕ್ಕಿದ ಕುಂಕುಮ, ಕಾರಖಾನೆಯ ಧೂಳು: ಇವೆಲ್ಲ ಗುಂಡಿಯ ಸುತ್ತಲಿನ ಕೂದಲೆಳೆಯಷ್ಟು ಸಂದಿನಲ್ಲಿ ಸೇರಿ ಗಟ್ಟಿಯಾಗುತ್ತವೆ.

ಮೊದಲು ವಾಚನ್ನು ಆರಿಸಿ ಮತ್ತೆ ಚಾಲೂ ಮಾಡಿರಿ. ಗುಂಡಿ ಚೆನ್ನಾಗಿ ಒಳಗೆ ಹೋಗಿ ಮೇಲೆ ಬರುತ್ತಿದ್ದರೂ ಕೆಲಸ ನಡೆಯದಿದ್ದರೆ ದೋಷವು ತಂತ್ರಾಂಶದಲ್ಲಿರಬಹುದು. ಅದನ್ನು ಅಪ್‌ಡೇಟ್ ಮಾಡಿ ನೋಡಿರಿ. ಒತ್ತಿದ ಗುಂಡಿ ಮೇಲೇಳದಿದ್ದರೆ ಕೊಳೆಯ ಕೆಲಸವೆಂದೇ ತಿಳಿಯಬಹುದು.

ನೀರು ತಡೆಯುವ ವಾಚಾದರೆ ಮಾತ್ರ, ತಯಾರಕರ ಕೈಪಿಡಿಯನ್ನು ನೋಡಿ, ಹೀಗೆ ಮಾಡಿರಿ. ವಾಚನ್ನು ಆರಿಸಿ, ಚಾರ್ಜರಿನಿಂದ ಬಿಡಿಸಿ, ಚರ್ಮದ ಪಟ್ಟಿಯಿದ್ದರೆ ತೆಗೆದುಬಿಡಿ. ನಲ್ಲಿಯ ಸಣ್ಣ ಧಾರೆಯ ಬೆಚ್ಚನೆಯ ಸಿಹಿನೀರಿನಲ್ಲಿ 10ರಿಂದ 15 ಸೆಕೆಂಡು ಹಿಡಿದು, ಗುಂಡಿಯನ್ನು ತಿರುಗಿಸುತ್ತ, ಒತ್ತುತ್ತ ಇರಿ. ಆಮೇಲೆ ಎಳೆ ಬಿಡದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಲು ಬಿಡಿರಿ. ಸಾಬೂನು, ಕೊಬ್ಬರಿ ಎಣ್ಣೆ, ಸೂಜಿ ಯಾವುದೂ ಬೇಡ. ನೀರು ತಡೆಯುವ ಅಂಟು, ರಬ್ಬರುಗಳು ಕಾಲಕ್ರಮದಲ್ಲಿ ಸಡಿಲಾಗುವುದರಿಂದ ಹಳೆಯ ವಾಚಿಗೆ ಈ ಉಪಚಾರ ಬೇಡವೇ ಬೇಡ, ಒಣಬಟ್ಟೆಯೇ ಸಾಕು.

ಸಂಭಾಜಿನಗರದ ಬೇಸಗೆಯಲ್ಲಿ ಪಾದರಸ 40 ಡಿಗ್ರಿ ದಾಟುವುದುಂಟು. ನಿಂತ ಕಾರಿನೊಳಗೆ ವಾಚನ್ನು ಬಿಡಬಾರದು. ಬ್ಯಾಟರಿ ಉಬ್ಬಿ ಗಾಜು ಎದ್ದಂತೆ ಕಂಡರೆ ತೊಳೆಯುವ, ಒತ್ತುವ, ಚಾರ್ಜು ಮಾಡುವ ಸಾಹಸ ಬೇಡ. ಕೂಡಲೇ ಅಧಿಕೃತ ದುರಸ್ತಿ ಕೇಂದ್ರಕ್ಕೆ ಒಯ್ಯಿರಿ. ಸಿಕ್ಕಸಿಕ್ಕಲ್ಲಿ ಬಿಚ್ಚಿಸಿದರೆ ನೀರಿನ ತಡೆಯೂ ಗ್ಯಾರಂಟಿಯೂ ಹೋದಾವು.

ದುರಸ್ತಿಯಾಗಿ ಬರುವವರೆಗೆ ಹಿರಿಯರ ಫೋನಿನಲ್ಲಿಯೇ ತುರ್ತು ಕರೆಯ ಏರ್ಪಾಡು ಮಾಡಿ, ಕೈಗೆ ಎಟಕುವ ಜಾಗದಲ್ಲಿರಿಸಿರಿ.

ತಿಂಗಳಿಗೊಂದು ದಿನ ಗೊತ್ತುಮಾಡಿ, ಅಜ್ಜಿಯ ವಾಚನ್ನು ಮೊಮ್ಮಕ್ಕಳ ಕೈಯಲ್ಲಿ ಒರೆಸಿಸಿ, ಗುಂಡಿಯನ್ನು ಒಮ್ಮೆ ಮೆಲ್ಲನೆ ಒತ್ತಿಸಿ ನೋಡಿರಿ. ಒತ್ತಿ ಹಿಡಿಯುವ ಪರೀಕ್ಷೆ ಮಾತ್ರ ಬೇಡ. ತಪ್ಪಿ 112ಕ್ಕೆ ಕರೆ ಹೋದರೆ ಗಾಬರಿಯಿಂದ ಕತ್ತರಿಸದೆ, ಕೈತಪ್ಪಿನಿಂದಾಯಿತೆಂದು ಹೇಳಿರಿ. ಹಿಂದಿನವರು ದಿನವೂ ಕೀಲಿ ಕೊಟ್ಟರು. ನಾವು ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಲಾರೆವೆ?